ಒಂದೇ ಕಡಲು, ಎರಡು ಚಿತ್ರಗಳು

ನೆರೆಮನೆಗೆ ಬೆಂಕಿ ಬಿದ್ದರೆ ಕಿಡಿ ನಮ್ಮ ಸೂರಿಗೂ ಹಾರುತ್ತದೆ ಎಂಬುದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೂ ನೆರೆದೇಶದಲ್ಲಿ ಅಂತರ್ಯುದ್ಧ ನಡೆಯುತ್ತಿರುವಾಗ ಅದನ್ನು ‘ಅವರ ಮನೆಯ ಜಗಳ’ವೆಂದು ಬಗೆದು, ಬೆಳಗಿನ ಕಾಫಿಯ ಜೊತೆಗೆ ಓದಿ ಮಡಿಸಿಡುವ ಸುದ್ದಿಯನ್ನಾಗಿ ಮಾಡಿಕೊಳ್ಳುವುದು ನಮ್ಮಲ್ಲಿ ಬಹುಮಂದಿಯ ಅಭ್ಯಾಸ. ಶ್ರೀಲಂಕಾದಲ್ಲಿ 1983ರಿಂದ 2009ರ ವರೆಗೆ ನಡೆದ ಯುದ್ಧವು ಈ ಅಭ್ಯಾಸಕ್ಕೆ ಆಸ್ಪದ ಕೊಡಲಿಲ್ಲ. ಧನುಷ್ಕೋಟಿಗೂ ತಲೈಮನ್ನಾರಿಗೂ ನಡುವಿನ ಕಡಲು ಸುಮಾರು ಮೂವತ್ತು ಕಿಲೋಮೀಟರು ಮಾತ್ರ. ಒಂದು ಕಾಲಕ್ಕೆ ಮದರಾಸಿನಲ್ಲಿ ರೈಲು ಹತ್ತಿದವರು ನಡುವೆ ಹಡಗೇರಿ ಕೊಲಂಬೋದಲ್ಲಿ ಇಳಿಯುತ್ತಿದ್ದರು. ಹಾಗೆ ಜನ ಬಂದುಹೋದ ದಾರಿಯಲ್ಲಿಯೇ ಯುದ್ಧವೂ ಬಂತು.

ಈ ಯುದ್ಧ ಭಾರತವನ್ನು ಹೇಗೆ ತಟ್ಟಿತೆಂಬುದರ ಬಗ್ಗೆ ರಾಯಭಾರಿಗಳೂ ಸೇನಾಧಿಕಾರಿಗಳೂ ಪತ್ರಕರ್ತರೂ ಸಾಕಷ್ಟು ಬರೆದಿದ್ದಾರೆ. ಪ್ರಸ್ತುತ ಲೇಖನದ ವ್ಯಾಪ್ತಿ ಅಷ್ಟು ದೊಡ್ಡದಲ್ಲ. ಅದೇ ವಿಷಯವನ್ನು ನಮ್ಮ ಕಲೆ, ಮುಖ್ಯವಾಗಿ ಸಿನಿಮಾ, ಹೇಗೆ ಕಂಡಿತು ಎಂಬುದನ್ನು ಎರಡು ಚಿತ್ರಗಳ ಮೂಲಕ ನೋಡುವುದಷ್ಟೇ ಇಲ್ಲಿಯ ಉದ್ದೇಶ. ಒಂದು, ಮಣಿರತ್ನಂ ಅವರ ತಮಿಳು ಚಿತ್ರ ‘ಕನ್ನತ್ತಿಲ್ ಮುತ್ತಮಿಟ್ಟಾಲ್’ (2002). ಇನ್ನೊಂದು, ಎ. ಎಂ. ಆರ್. ರಮೇಶ್ ಅವರ ಕನ್ನಡ ಚಿತ್ರ ‘ಸೈನೈಡ್’ (2006). ಮೊದಲನೆಯದು ಎಲ್ಲರ ಮೆಚ್ಚುಗೆ ಪಡೆದು ರಾಷ್ಟ್ರಪ್ರಶಸ್ತಿಗಳನ್ನು ಬಾಚಿಕೊಂಡ ಚಿತ್ರ. ಎರಡನೆಯದಕ್ಕೆ ತಕ್ಕಷ್ಟು ಮನ್ನಣೆ ದೊರೆಯಲಿಲ್ಲವೆಂದೇ ನನ್ನ ಭಾವನೆ. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದವರು ಕಡಮೆ. ಚೆನ್ನೈಯಲ್ಲಿ ಬದುಕು ಕಟ್ಟಿಕೊಂಡು ಎರಡೂ ಭಾಷೆಗಳ ಚಿತ್ರಗಳನ್ನು ನೋಡುವ ನಮ್ಮಂಥ ಕನ್ನಡಿಗರಿಗೆ ಆ ಅವಕಾಶ ಸಹಜವಾಗಿಯೇ ಇದೆ.

ಮೊದಲು ಹಿನ್ನೆಲೆಯನ್ನು ಸಂಕ್ಷೇಪವಾಗಿ ನೆನಪು ಮಾಡಿಕೊಳ್ಳುವುದು ಒಳ್ಳೆಯದು. 1983ರ ಜುಲೈ 23ರಂದು ಜಾಫ್ನಾದ ತಿರುನೆಲ್ವೇಲಿಯಲ್ಲಿ ಹುಲಿಗಳು ಹದಿಮೂರು ಮಂದಿ ಸೈನಿಕರನ್ನು ಕೊಂದರು. ಅದರ ಬೆನ್ನಿಗೆ ಕೊಲಂಬೋ ಮತ್ತಿತರ ಊರುಗಳಲ್ಲಿ ತಮಿಳರ ಮೇಲೆ ನಡೆದ ಹತ್ಯಾಕಾಂಡ ‘ಕರಾಳ ಜುಲೈ’ ಎಂದು ಹೆಸರಾಯಿತು. ಅಂದು ಹೊರಟ ನಿರಾಶ್ರಿತರ ದೋಣಿಗಳು ರಾಮೇಶ್ವರದ ದಂಡೆಗೆ ಬಂದು ನಿಂತುವು. ಮುಂದಿನ ಸುಮಾರು ಮೂರು ದಶಕಗಳಲ್ಲಿ ಹೀಗೆ ಬಂದವರ ಲೆಕ್ಕ ಮೂರು ಲಕ್ಷವನ್ನು ದಾಟಿತು. ಅವರನ್ನು ಮೊದಲು ಇಳಿಸಿಕೊಂಡ ಮಂಡಪಂ ಶಿಬಿರಕ್ಕೂ ಒಂದು ಚರಿತ್ರೆಯಿದೆ. ಬ್ರಿಟಿಷರ ಕಾಲದಲ್ಲಿ ಸಿಲೋನಿನ ತೋಟಗಳಿಗೆ ಹೋಗುವ ಕೂಲಿಗಳನ್ನು ರೋಗ ತಪಾಸಣೆಗಾಗಿ ತಡೆದಿರಿಸುತ್ತಿದ್ದುದು ಅಲ್ಲಿಯೇ. ಹೊಟ್ಟೆಪಾಡಿಗಾಗಿ ಜನ ಹೊರಟ ಬಾಗಿಲಿನಿಂದಲೇ, ಎರಡು ಮೂರು ತಲೆಮಾರಿನ ಮೇಲೆ, ಅವರ ಮೊಮ್ಮಕ್ಕಳಲ್ಲಿ ಕೆಲವರು ಜೀವ ಉಳಿಸಿಕೊಳ್ಳಲು ಒಳಗೆ ಬಂದರು.

ಆಶ್ರಯ ಕೊಟ್ಟಿದ್ದು ಮಾತ್ರ ಭಾರತದ ಪಾತ್ರವಾಗಿದ್ದರೆ ಕಥೆ ಸರಳವಾಗಿರುತ್ತಿತ್ತು. ಅದೇ ವರ್ಷಗಳಲ್ಲಿ ತಮಿಳು ಉಗ್ರಗಾಮಿ ಗುಂಪುಗಳಿಗೆ ತಮಿಳುನಾಡಿನಲ್ಲಿಯೂ ಉತ್ತರ ಭಾರತದಲ್ಲಿಯೂ ತರಬೇತಿ ದೊರೆಯಿತು, ಆಯುಧಗಳೂ ದೊರೆತುವು. 1987ರ ಜೂನ್ 4ರಂದು ಜಾಫ್ನಾದ ಮೇಲೆ ಆಹಾರದ ಮೂಟೆಗಳನ್ನು ಎಸೆಯಲು ಹೊರಟ ವಾಯುಸೇನೆಯ ವಿಮಾನಗಳು ಮೇಲೆದ್ದದ್ದು ನಮ್ಮ ಬೆಂಗಳೂರಿನಿಂದ. ಜುಲೈ 29ರಂದು ರಾಜೀವ್ ಗಾಂಧಿ ಮತ್ತು ಜಯವರ್ಧನೆ ಒಪ್ಪಂದಕ್ಕೆ ಸಹಿ ಹಾಕಿದರು. ಮರುದಿನವೇ ಕೊಲಂಬೋದಲ್ಲಿ ಗೌರವ ರಕ್ಷೆಯ ಸಾಲಿನಲ್ಲಿ ನಿಂತಿದ್ದ ನಾವಿಕನೊಬ್ಬ ಬಂದೂಕಿನ ಹಿಡಿಯಿಂದ ರಾಜೀವರ ಮೇಲೆ ಬೀಸಿದ. ಶಾಂತಿಪಾಲನೆಗೆಂದು ಹೋದ ನಮ್ಮ ಸೇನೆ ಅದೇ ಅಕ್ಟೋಬರಿನ ಹೊತ್ತಿಗೆ ಹುಲಿಗಳೊಡನೆ ಕಾದಾಟಕ್ಕೆ ಇಳಿಯಬೇಕಾಯಿತು. ಸಾವಿರದ ನೂರಕ್ಕೂ ಹೆಚ್ಚು ಯೋಧರನ್ನು ಕಳೆದುಕೊಂಡು 1990ರ ಮಾರ್ಚಿನಲ್ಲಿ ಮರಳಿದ ಆ ಸೇನೆಯನ್ನು ಮದರಾಸಿನಲ್ಲಿ ಸ್ವಾಗತಿಸುವುದಕ್ಕೆ ರಾಜ್ಯದ ಮುಖ್ಯಮಂತ್ರಿ ಕರುಣಾನಿಧಿ ಹೋಗಲಿಲ್ಲ. 1991ರ ಮೇ 21ರಂದು ಶ್ರೀಪೆರುಂಬುದೂರಿನಲ್ಲಿ ರಾಜೀವ್ ಗಾಂಧಿಯವರ ಹತ್ಯೆಯಾಯಿತು. ಎಂಟು ವರ್ಷಗಳ ಅವಧಿಯಲ್ಲಿ ನೆರೆಯ ದೇಶವೊಂದು ಆಶ್ರಯದಾತನಾಗಿ, ಆಯುಧದಾತನಾಗಿ, ಮಧ್ಯಸ್ಥನಾಗಿ, ಕಾದಾಡುವವನಾಗಿ, ಕಡೆಗೆ ಶೋಕತಪ್ತನಾಗಿ ಇಷ್ಟೊಂದು ವೇಷಗಳನ್ನು ಕಟ್ಟಿದ ಉದಾಹರಣೆ ಚರಿತ್ರೆಯಲ್ಲಿ ಹೆಚ್ಚಿಲ್ಲ.

ಇಷ್ಟು ಸಂಕೀರ್ಣವಾದ ಸಂಬಂಧವನ್ನು ಕಲೆ ಹೇಗೆ ಹಿಡಿಯಬೇಕು?

‘ಕನ್ನತ್ತಿಲ್ ಮುತ್ತಮಿಟ್ಟಾಲ್’ ಎಂದರೆ ‘ಕೆನ್ನೆಯ ಮೇಲೆ ಮುತ್ತಿಟ್ಟರೆ’ ಎಂದರ್ಥ. ಹೆಸರು ಸುಬ್ರಹ್ಮಣ್ಯ ಭಾರತಿಯವರ ಪ್ರಸಿದ್ಧ ಗೀತೆಯೊಂದರಿಂದ ಬಂದದ್ದು. ಮಾಂಕುಳಂ ಎಂಬ ಊರಿನ ಶ್ಯಾಮಾಳ ಮದುವೆಯಿಂದ ಚಿತ್ರ ಆರಂಭವಾಗುತ್ತದೆ. ಗಂಡ ಹೋರಾಟಗಾರರ ಜೊತೆ ಕಾಡು ಸೇರುತ್ತಾನೆ. ಬಸುರಿಯಾದ ಆಕೆಯನ್ನು ಮನೆಯವರು ದೋಣಿ ಹತ್ತಿಸುತ್ತಾರೆ. ರಾಮೇಶ್ವರದ ಶಿಬಿರದಲ್ಲಿ ಹೆಣ್ಣು ಮಗುವನ್ನು ಹೆತ್ತು, ಅದನ್ನು ಅಲ್ಲಿಯೇ ಬಿಟ್ಟು, ಗಂಡನನ್ನು ಹುಡುಕುತ್ತ ಆಕೆ ಮರಳಿ ಹೋಗುತ್ತಾಳೆ. ಆ ಮಗು ಅಮುದಾ. ಚೆನ್ನೈಯ ಇಂಜಿನಿಯರ್, ಕಥೆಗಾರ ತಿರುಚೆಲ್ವನ್ ಮತ್ತು ಇಂದಿರಾ ಆಕೆಯನ್ನು ಸಾಕುತ್ತಾರೆ. ವಾಸ್ತವವಾಗಿ ಆ ಮಗುವನ್ನು ದತ್ತು ಪಡೆಯುವ ಸಲುವಾಗಿಯೇ ಅವರ ಮದುವೆಯೂ ಆಗುತ್ತದೆ. ಒಂಬತ್ತನೆಯ ಹುಟ್ಟುಹಬ್ಬದ ದಿನ ನಿಜವನ್ನು ತಿಳಿದ ಹುಡುಗಿ ಹೆತ್ತ ತಾಯಿಯನ್ನು ನೋಡಲೇಬೇಕೆಂದು ಹಟ ಹಿಡಿಯುತ್ತಾಳೆ. ಮೂವರೂ ಶ್ರೀಲಂಕಾಕ್ಕೆ ಹೋಗುತ್ತಾರೆ.

ಚಿತ್ರದ ಗುಣಗಳನ್ನು ಹೊಸದಾಗಿ ಹೇಳಬೇಕಾಗಿಲ್ಲ. ರವಿ ಕೆ. ಚಂದ್ರನ್ ಅವರ ಛಾಯಾಗ್ರಹಣ, ರೆಹಮಾನ್ ಅವರ ಸಂಗೀತ, ಸುಜಾತಾ ಅವರ ಚುರುಕಾದ ಸಂಭಾಷಣೆ, ಎಲ್ಲಕ್ಕಿಂತ ಮೇಲಾಗಿ ಅಮುದಾ ಆಗಿ ಕೀರ್ತನಾ ಎಂಬ ಬಾಲೆಯ ಅಭಿನಯ ಒಂದನ್ನೊಂದು ಮೀರಿಸುವಂತಿವೆ. ನನಗೆ ಮುಖ್ಯವಾಗಿ ಕಂಡದ್ದು ಚಿತ್ರದ ದೃಷ್ಟಿಕೋನ. ಯುದ್ಧವನ್ನು ಮಣಿರತ್ನಂ ಒಂದು ಮಗುವಿನ ಪ್ರಶ್ನೆಯಾಗಿ ಪರಿವರ್ತಿಸಿದ್ದಾರೆ. ‘ನನ್ನನ್ನೇಕೆ ಬಿಟ್ಟುಹೋದೆ?’ ಎಂಬ ಆ ಪ್ರಶ್ನೆಗೆ ರಾಜಕಾರಣದಲ್ಲಿ ಉತ್ತರವಿಲ್ಲ. ತಾಯಿ ಮಗಳು ಎದುರಾಗುವ ಕೊನೆಯ ದೃಶ್ಯದಲ್ಲಿ ನಂದಿತಾ ದಾಸ್ ಅವರು ಶ್ಯಾಮಾಳ ಪಾತ್ರದಲ್ಲಿ ಮಾತಿಗಿಂತ ಮೌನದಿಂದಲೇ ಉತ್ತರ ಕೊಡುತ್ತಾರೆ. ತಿರುಚೆಲ್ವನ್‌ಗೆ ಆತಿಥ್ಯ ನೀಡಿ, ತಾನೂ ಅಪಾಯಕ್ಕೆ ಸಿಕ್ಕಿಕೊಳ್ಳುವ ಸಿಂಹಳೀಯ ವೈದ್ಯನ ಪಾತ್ರವನ್ನು (ಪ್ರಕಾಶ್ ರೈ) ಸೃಷ್ಟಿಸಿದ್ದು ಇನ್ನೊಂದು ವಿವೇಕದ ಕೆಲಸ. ಸಿಂಹಳೀಯರೆಲ್ಲರನ್ನೂ ಖಳರನ್ನಾಗಿ ಮಾಡುವ ಸುಲಭದ ದಾರಿ ಎದುರಿಗಿದ್ದರೂ ನಿರ್ದೇಶಕರು ಅದನ್ನು ತುಳಿಯಲಿಲ್ಲ. ಬಾಂಬಿನ ಸದ್ದಿಗೆ ಊರಿಗೆ ಊರೇ ಗಂಟುಮೂಟೆ ಹೊತ್ತು ಹೊರಡುವ ದೃಶ್ಯವಂತೂ ಭಾರತೀಯ ಚಿತ್ರಗಳಲ್ಲಿ ನಾವು ಕಂಡ ವಲಸೆಯ ಚಿತ್ರಣಗಳಲ್ಲಿ ಅತ್ಯುತ್ತಮವಾದುವುಗಳ ಸಾಲಿಗೆ ಸೇರುತ್ತದೆ.

ಇಷ್ಟೆಲ್ಲ ಇದ್ದರೂ ಚಿತ್ರವನ್ನು ಎರಡನೆಯ ಸಲ, ಮೂರನೆಯ ಸಲ ನೋಡುವಾಗ ಒಂದು ಸಣ್ಣ ಲೆಕ್ಕ ಮನಸ್ಸನ್ನು ಕಾಡತೊಡಗುತ್ತದೆ. ಚಿತ್ರ ತೆರೆಗೆ ಬಂದದ್ದು 2002ರ ಫೆಬ್ರವರಿ 14ರಂದು. ಅದನ್ನೇ ಕಥೆಯ ವರ್ತಮಾನವೆಂದು ಹಿಡಿದರೆ ಒಂಬತ್ತು ವರ್ಷದ ಅಮುದಾ ಹುಟ್ಟಿದ್ದು 1992-93ರ ಸುಮಾರಿಗೆ. ಅಂದರೆ ಶ್ರೀಪೆರುಂಬುದೂರಿನ ಘಟನೆ ನಡೆದು ಒಂದೂವರೆ ವರ್ಷವೋ ಎರಡು ವರ್ಷವೋ ಆದ ಮೇಲೆ. ಆ ಕಾಲದಲ್ಲಿ ತಮಿಳುನಾಡಿನ ಮನಃಸ್ಥಿತಿ ಹೇಗಿತ್ತು? 1983ರಲ್ಲಿ ದಂಡೆಗೆ ಬಂದವರನ್ನು ಬರಮಾಡಿಕೊಂಡ ನಾಡೇ 1991ರ ನಂತರ ಅವರನ್ನು ಅನುಮಾನದಿಂದ ನೋಡತೊಡಗಿತ್ತು. 1992ರ ಜನವರಿಯಲ್ಲಿ ನಿರಾಶ್ರಿತರನ್ನು ಹಿಂದಕ್ಕೆ ಕಳುಹಿಸುವ ಕೆಲಸ ಆರಂಭವಾಯಿತು. ಅವರು ಸ್ವಂತ ಇಚ್ಛೆಯಿಂದ ಹೋಗುತ್ತಿದ್ದಾರೆಯೇ ಎಂಬ ಪ್ರಶ್ನೆ ಎದ್ದು, ಅದನ್ನು ವಿಚಾರಿಸಲು ವಿಶ್ವಸಂಸ್ಥೆಯ ನಿರಾಶ್ರಿತರ ವಿಭಾಗ ಅದೇ ವರ್ಷ ಚೆನ್ನೈಗೆ ಬರಬೇಕಾಯಿತು. 1992ರ ಮೇ ತಿಂಗಳಿನಲ್ಲಿ ಹುಲಿಗಳ ಸಂಘಟನೆಯನ್ನು ಭಾರತ ನಿಷೇಧಿಸಿತು.

ಇಂಥ ಹೊತ್ತಿನಲ್ಲಿ ಒಬ್ಬ ತರುಣ ಲೇಖಕ ಶಿಬಿರದಲ್ಲಿ ಬಿಟ್ಟುಹೋದ ಕೂಸನ್ನು, ಅದರ ತಂದೆ ಹೋರಾಟಗಾರನೆಂಬುದರ ಸುಳಿವಿದ್ದೂ, ಮನೆಗೆ ತರುತ್ತಾನೆ. ಅವನ ಮನೆಯವರಾಗಲಿ, ನೆರೆಹೊರೆಯವರಾಗಲಿ, ಠಾಣೆಯವರಾಗಲಿ ಆ ವರ್ಷಗಳ ಅನುಮಾನದಿಂದ ಒಂದು ಮಾತನ್ನು ಆಡಿರಲಾರರೇ? ಚಿತ್ರದಲ್ಲಿ ದತ್ತಕಕ್ಕೆ ಅಡ್ಡಿಯಾಗುವುದು ಆತನಿಗೆ ಮದುವೆಯಾಗಿಲ್ಲ ಎಂಬ ಒಂದೇ ಸಂಗತಿ. ಆ ಅಡ್ಡಿಯನ್ನು ನಿವಾರಿಸುವುದು ಒಂದು ಸೊಗಸಾದ ಪ್ರೇಮಪ್ರಸಂಗ. ರಾಜೀವ್ ಹತ್ಯೆಯ ನೆರಳು ಕಥೆಯ ಒಳಗೆ ಬೀಳುವುದಿಲ್ಲ. ಭಾರತದ ಸೇನೆ ಅದೇ ಮಾಂಕುಳಂ ಸುತ್ತಿನ ನೆಲದಲ್ಲಿ ಎರಡೂವರೆ ವರ್ಷ ಇತ್ತೆಂಬುದೂ ಕಥೆಯ ಎಳೆಯಾಗಿ ಬರುವುದಿಲ್ಲ. ಹೀಗಾಗಿ ನೆರೆಯ ದೇಶವೆಂದರೆ ಕೈಯಲ್ಲಿ ತೊಟ್ಟಿಲು ಹಿಡಿದು ನಿಂತ ಸಹೃದಯಿ ಎಂಬ ಚಿತ್ರಣವೇ ನೋಡುಗನ ಮನಸ್ಸಿನಲ್ಲಿ ಉಳಿಯುತ್ತದೆ. ಆ ಕೈಯಲ್ಲಿ ಒಮ್ಮೆ ಬಂದೂಕೂ ಇತ್ತು, ಮುಂದೆ ಆ ಕೈಗೆ ಗಾಯವೂ ಆಯಿತು ಎಂಬ ಮಾತು ಬಿಟ್ಟುಹೋಗುತ್ತದೆ.

ಬಿಟ್ಟುಹೋದ ಈ ಭಾಗವೇ ‘ಸೈನೈಡ್’ ಚಿತ್ರದ ವಸ್ತು. ಹತ್ಯೆಯ ಸಂಚಿನ ಮುಖ್ಯ ವ್ಯಕ್ತಿ ಶಿವರಾಸನ್ ತನ್ನ ಸಂಗಡಿಗರೊಂದಿಗೆ ತಮಿಳುನಾಡಿನಿಂದ ತಪ್ಪಿಸಿಕೊಂಡು ಬೆಂಗಳೂರು ಸೇರಿದ. ಅದೇ ಆಗಸ್ಟಿನಲ್ಲಿ, ಚಿಕಿತ್ಸೆಗೆಂದು ಕರ್ನಾಟಕಕ್ಕೆ ಕರೆತಂದಿದ್ದ ಗಾಯಾಳು ಹುಲಿಗಳಲ್ಲಿ ಹಲವರು ಮಂಡ್ಯ ಜಿಲ್ಲೆಯ ಮುತ್ತತ್ತಿಯ ಕಡೆ ಪೊಲೀಸರ ಕೈಗೆ ಸಿಗುವ ಮೊದಲೇ ವಿಷ ನುಂಗಿ ಸತ್ತರು. ಆಂಜನೇಯನ ದರ್ಶನಕ್ಕೂ ಕಾವೇರಿಯ ಸ್ನಾನಕ್ಕೂ ನಾವು ಹೋಗುವ ಮುತ್ತತ್ತಿಯೇ ಅದು. 1991ರ ಆಗಸ್ಟ್ 18ರ ಸಂಜೆಗೆ ಶಿವರಾಸನ್ ಗುಂಪು ಅಡಗಿದ್ದ ಕೋಣನಕುಂಟೆಯ ಮನೆಯ ಸುಳಿವು ಪೊಲೀಸರಿಗೆ ಹತ್ತಿತು. ಮರುದಿನವೆಲ್ಲ ಕಾದು 20ರ ಬೆಳಗಿನ ಜಾವ ಕಮಾಂಡೋಗಳು ಒಳನುಗ್ಗಿದಾಗ ಏಳು ಹೆಣಗಳು ಮಾತ್ರ ಸಿಕ್ಕವು. ಅಂದು ರಾಜೀವ್ ಗಾಂಧಿಯವರ ಜನ್ಮದಿನ.

ರಮೇಶ್ ಅವರ ಚಿತ್ರ ಈ ಕೊನೆಯ ದಿನಗಳಿಗೇ ತನ್ನನ್ನು ಸೀಮಿತಗೊಳಿಸಿಕೊಂಡಿರುವುದು ಅದರ ದೊಡ್ಡ ಶಕ್ತಿ. ಹಾಡು ಕುಣಿತಗಳ ಹಂಗಿಲ್ಲದೆ, ಒಂದು ಸಾಧಾರಣ ಬಾಡಿಗೆ ಮನೆಯ ಗೋಡೆಗಳ ನಡುವೆಯೇ ಕಥೆ ಬಿಗಿಯಾಗುತ್ತ ಹೋಗುತ್ತದೆ. ರವಿ ಕಾಳೆ ಶಿವರಾಸನ್ ಪಾತ್ರವನ್ನು ಅಬ್ಬರವಿಲ್ಲದೆ ನಿರ್ವಹಿಸಿದ್ದಾರೆ. ಆದರೆ ಚಿತ್ರದ ಜೀವಾಳ ಇರುವುದು ಆಶ್ರಯ ಕೊಟ್ಟ ದಂಪತಿಗಳಲ್ಲಿ. ರಂಗಾಯಣ ರಘು ಮತ್ತು ತಾರಾ ಆ ಪಾತ್ರಗಳನ್ನು ಮಾಡಿದ್ದಾರೆ. ಗಂಡನಿಗೆ ಬಂದವರ ಬಗ್ಗೆ ಒಲವೋ, ಆಸೆಯೋ, ಭಯವೋ, ಮೂರೂ ಬೆರೆತದ್ದೋ ಇದೆ. ಹೆಂಡತಿಗೆ ಇರುವುದು ಭಯವೊಂದೇ. ತನ್ನ ಮನೆಯಲ್ಲಿ ತಾನೇ ಪರಕೀಯಳಾಗಿ, ತನ್ನ ಅಡಿಗೆಮನೆಯಲ್ಲಿ ಯಾರಿಗಾಗಿ ಅನ್ನ ಬೇಯುತ್ತಿದೆ ಎಂಬುದನ್ನು ಬೀದಿಯಲ್ಲಿ ಹೇಳುವಂತಿಲ್ಲದೆ ಒದ್ದಾಡುವ ಆ ಗೃಹಿಣಿಯ ಮುಖವನ್ನು ತಾರಾ ಕಟ್ಟಿಕೊಡುವ ರೀತಿ ಮರೆಯುವಂಥದಲ್ಲ.

ಅಂತರ್ಯುದ್ಧ ನೆರೆಯವರನ್ನು ಹೇಗೆ ತಟ್ಟುತ್ತದೆ ಎಂಬ ಪ್ರಶ್ನೆಗೆ ಆ ಮುಖವೇ ಒಂದು ಉತ್ತರ. ಯುದ್ಧ ಗಡಿ ದಾಟುವುದೆಂದರೆ ಸೈನ್ಯ ದಾಟುವುದು, ಮದ್ದುಗುಂಡು ದಾಟುವುದು ಎಂದಷ್ಟೇ ನಾವು ತಿಳಿಯುತ್ತೇವೆ. ಅದು ಬಾಡಿಗೆಗೆ ಮನೆ ಕೇಳಿಕೊಂಡೂ ಬರಬಹುದು. ಭಾಷೆ ಗೊತ್ತಿಲ್ಲದ, ಜಗಳದ ಕಾರಣವೂ ಗೊತ್ತಿಲ್ಲದ, ಕಡಲನ್ನೇ ಕಾಣದ ಒಂದು ಬಡಾವಣೆಯ ಮನೆಗೆ ಬಂದು ಕೂರಬಹುದು. ಭಾರತ ಶ್ರೀಲಂಕಾದ ನೆರೆಯಾದರೆ ಕರ್ನಾಟಕ ಆ ನೆರೆಮನೆಯ ಒಳಕೋಣೆ. ಅಲ್ಲಿಯ ವರೆಗೂ ಅದು ಬಂತು. ಈ ಸತ್ಯವನ್ನು ಭಾಷಣವಿಲ್ಲದೆ ತೋರಿಸಿದ ಕೀರ್ತಿ ಕನ್ನಡದ ಈ ಸಣ್ಣ ಚಿತ್ರಕ್ಕೆ ಸಲ್ಲಬೇಕು. ಅದು ‘ಕುಪ್ಪಿ’ ಎಂಬ ಹೆಸರಿನಿಂದ ತಮಿಳಿನಲ್ಲಿಯೂ ಬಂದದ್ದು ಉಚಿತವಾಗಿಯೇ ಇದೆ. ಹುಲಿಗಳು ಕೊರಳಲ್ಲಿ ಕಟ್ಟಿಕೊಳ್ಳುತ್ತಿದ್ದ ವಿಷದ ಸೀಸೆಗೆ ಅಲ್ಲಿ ಹೇಳುವ ಮಾತು ಅದು.

ಆದರೆ ‘ಸೈನೈಡ್’ ಚಿತ್ರಕ್ಕೂ ಒಂದು ಮಿತಿಯಿದೆ, ಮತ್ತು ಆ ಮಿತಿ ಮೊದಲ ಚಿತ್ರದ ಮಿತಿಗೆ ನೇರ ಎದುರಾದದ್ದು. ಇಲ್ಲಿ ಚಿತ್ರಕಥೆಯ ಗಮನವೆಲ್ಲ ಅವರು ಹೇಗೆ ಸಿಕ್ಕರು, ಜೀವಂತವಾಗಿ ಏಕೆ ಸಿಗಲಿಲ್ಲ, ಅಪ್ಪಣೆಗಾಗಿ ಕಾದ ಆ ಹೊತ್ತು ಏಕೆ ವ್ಯರ್ಥವಾಯಿತು ಎಂಬುದರ ಕಡೆಗಿದೆ. ಅವರು ಎಲ್ಲಿಂದ ಬಂದರು, ಅವರನ್ನು ಹೀಗೆ ಮಾಡಿದ್ದು ಏನು ಎಂಬ ಪ್ರಶ್ನೆಗಳು ಕಥೆಯ ಕೇಂದ್ರಕ್ಕೆ ಬರುವುದಿಲ್ಲ. ಶುಭಾ ಎಂಬ ಆ ತರುಣಿಗೂ ಒಂದು ಊರು, ಒಂದು ಶಾಲೆ, ಒಂದು ಮನೆಯಂಗಳ ಇದ್ದಿರಲೇಬೇಕು. ಮಣಿರತ್ನಂ ಅವರ ಶ್ಯಾಮಾಳೂ ರಮೇಶ್ ಅವರ ಶುಭಾಳೂ ಒಂದೇ ಯುದ್ಧದ ಹೆಣ್ಣುಮಕ್ಕಳು, ಒಂದೇ ಸೀಸೆಯ ನೆರಳಿನಲ್ಲಿ ನಡೆದವರು. ಒಬ್ಬಳ ಊರನ್ನು ನಾವು ಕಾಣುತ್ತೇವೆ, ಅವಳ ಪಕ್ಷ ನಮ್ಮ ನೆಲದಲ್ಲಿ ಮಾಡಿದ್ದನ್ನು ಕಾಣುವುದಿಲ್ಲ. ಇನ್ನೊಬ್ಬಳು ಮಾಡಿದ್ದನ್ನು ಕಾಣುತ್ತೇವೆ, ಅವಳ ಊರನ್ನು ಕಾಣುವುದಿಲ್ಲ. ಕರುಣೆ ಒಂದು ಚಿತ್ರಕ್ಕೂ ವಿಚಾರಣೆ ಇನ್ನೊಂದು ಚಿತ್ರಕ್ಕೂ ಹಂಚಿಹೋಗಿದೆ.

ಇದಕ್ಕೆ ಒಂದು ಆಕ್ಷೇಪಣೆ ಬರಬಹುದು. ಚಿತ್ರದಲ್ಲಿ ಏನಿದೆಯೋ ಅದನ್ನು ನೋಡಬೇಕೇ ಹೊರತು ಇಲ್ಲದ್ದನ್ನು ಪಟ್ಟಿ ಮಾಡುವುದು ವಿಮರ್ಶೆಯಲ್ಲ, ಕಲಾಕೃತಿ ಚರಿತ್ರೆಯ ಪಾಠಪುಸ್ತಕವಲ್ಲ ಎಂದು ಬಲ್ಲವರು ಹೇಳಬಹುದು. ಆ ಮಾತು ನ್ಯಾಯವಾದದ್ದೇ. ಆದರೆ ಕೃತಿ ತಾನಾಗಿ ಎತ್ತಿಕೊಂಡ ಪ್ರಶ್ನೆಯನ್ನು ಎಷ್ಟು ದೂರ ಒಯ್ದಿದೆ ಎಂದು ಕೇಳುವ ಹಕ್ಕು ನೋಡುಗನಿಗೆ ಇದೆ. ‘ನಾನು ಯಾರವಳು?’ ಎಂಬುದು ಅಮುದಾ ಕೇಳುವ ಪ್ರಶ್ನೆಯ ಮೂಲ. ಅದಕ್ಕೆ ಚಿತ್ರ ಕೊಡುವ ಉತ್ತರ ಹೃದಯದ್ದು. ಕಡತಗಳ ನಡುವೆ ಕಣ್ಣು ಸವೆಸಿದ ನನ್ನಂಥ ಗುಮಾಸ್ತನಿಗೆ ಅದೇ ಪ್ರಶ್ನೆ ಇನ್ನೊಂದು ರೂಪದಲ್ಲಿಯೂ ಕಾಣುತ್ತದೆ. ಅಮುದಾ ಕೊಲಂಬೋಗೆ ಹೋದದ್ದು ಯಾವ ಪಾಸ್‌ಪೋರ್ಟಿನ ಮೇಲೆ? ಅರ್ಜಿಯಲ್ಲಿ ‘ರಾಷ್ಟ್ರೀಯತೆ’ ಎಂಬ ಅಂಕಣದ ಎದುರು ತಿರುಚೆಲ್ವನ್ ಏನೆಂದು ಬರೆದ?

ಇದು ಚೇಷ್ಟೆಯ ಪ್ರಶ್ನೆಯಲ್ಲ. ನಮ್ಮ ಪೌರತ್ವದ ಕಾನೂನಿನ ಪ್ರಕಾರ 1987ರ ಜುಲೈ 1ಕ್ಕೆ ಮೊದಲು ಭಾರತದ ನೆಲದಲ್ಲಿ ಹುಟ್ಟಿದವರಿಗೆ ಹುಟ್ಟೇ ಸಾಕು. ಅಲ್ಲಿಂದ ಮುಂದೆ ಹುಟ್ಟಿದವರಿಗೆ ತಂದೆ ತಾಯಿಗಳಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು. 2004ರ ಡಿಸೆಂಬರಿನಿಂದ ಈ ನಿಯಮ ಇನ್ನಷ್ಟು ಬಿಗಿಯಾಯಿತು. ಅಂದರೆ 1992-93ರಲ್ಲಿ ಶಿಬಿರದಲ್ಲಿ ಹುಟ್ಟಿದ, ತಂದೆ ತಾಯಿ ಇಬ್ಬರೂ ಲಂಕೆಯವರಾದ ಮಗು ಹುಟ್ಟಿನಿಂದ ಭಾರತೀಯಳಲ್ಲ. ಸಾಕುವವರು ಸಿಕ್ಕದೆ ಶಿಬಿರದಲ್ಲಿಯೇ ಬೆಳೆದಿದ್ದರೆ ಅಮುದಾಳಿಗೆ ಇಂದು ಮೂವತ್ತು ದಾಟಿರುತ್ತಿತ್ತು. ತಾನು ಕಂಡೇ ಇಲ್ಲದ ದೇಶದ ನಿರಾಶ್ರಿತಳೆಂದು ಗುರುತಿನ ಚೀಟಿ ಹಿಡಿದು, ಹಾಜರಿಗೆ ಹೆಸರು ಕೂಗಿದಾಗ ಬಂದು ನಿಲ್ಲುತ್ತಿದ್ದಳು. ಅವಳ ಮಕ್ಕಳೂ ನಿಲ್ಲುತ್ತಿದ್ದರು.

ಹಾಗೆ ನಿಂತವರು ಕಾಲ್ಪನಿಕರಲ್ಲ. ಯುದ್ಧ ಮುಗಿದು ಹದಿನೈದು ವರ್ಷಗಳಾದರೂ ತಮಿಳುನಾಡಿನ ನೂರಕ್ಕೂ ಹೆಚ್ಚು ಶಿಬಿರಗಳಲ್ಲಿಯೂ ಅವುಗಳ ಹೊರಗೂ ಸೇರಿ ಸುಮಾರು 90 ಸಾವಿರ ಮಂದಿ ಉಳಿದಿದ್ದರು. 2021ರಲ್ಲಿ ಅವುಗಳ ಹೆಸರನ್ನು ನಿರಾಶ್ರಿತರ ಶಿಬಿರವೆಂಬುದರ ಬದಲು ಪುನರ್ವಸತಿ ಶಿಬಿರವೆಂದು ರಾಜ್ಯ ಸರ್ಕಾರ ಬದಲಾಯಿಸಿತು. 2019ರ ಪೌರತ್ವ ತಿದ್ದುಪಡಿ ಪಾಕಿಸ್ತಾನ, ಬಾಂಗ್ಲಾದೇಶ, ಆಫ್ಘಾನಿಸ್ತಾನಗಳಿಂದ ಬಂದ ಕೆಲವರನ್ನು ಲೆಕ್ಕಕ್ಕೆ ತೆಗೆದುಕೊಂಡಿತು, ಲಂಕೆಯಿಂದ ಬಂದವರನ್ನು ತೆಗೆದುಕೊಳ್ಳಲಿಲ್ಲ. 1987ಕ್ಕೆ ಮೊದಲು ಮಂಡಪಂನಲ್ಲಿ ಹುಟ್ಟಿದ ಒಬ್ಬ ಹೆಂಗಸು ಹೈಕೋರ್ಟಿನ ಮೆಟ್ಟಿಲು ಹತ್ತಿ, 2022ರಲ್ಲಿ ತೀರ್ಪು ಪಡೆದು, 2024ರ ಲೋಕಸಭಾ ಚುನಾವಣೆಯಲ್ಲಿ ಮೊದಲ ಬಾರಿಗೆ ಮತ ಹಾಕಿದ್ದು ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಒಬ್ಬ ಹೆಂಗಸು ಮತ ಹಾಕಿದ್ದು ಸುದ್ದಿಯಾಗಬೇಕಾದರೆ ಮಿಕ್ಕವರ ಪಾಡು ಏನೆಂದು ಬೇರೆ ಹೇಳಬೇಕಾಗಿಲ್ಲ. 1971ರಲ್ಲಿ ಪೂರ್ವ ಬಂಗಾಳದಿಂದ ಸುಮಾರು ಒಂದು ಕೋಟಿ ಜನ ಬಂದಿದ್ದರು. ಯುದ್ಧ ಬೇಗ ಮುಗಿಯಿತು, ಬಹುಪಾಲು ಜನ ಕೆಲವೇ ತಿಂಗಳಲ್ಲಿ ಮರಳಿದರು. ಲಂಕೆಯ ಯುದ್ಧ ಇಪ್ಪತ್ತಾರು ವರ್ಷ ಎಳೆಯಿತು. ಅಂತರ್ಯುದ್ಧ ನೆರೆದೇಶಕ್ಕೆ ಕೊಡುವ ಪೆಟ್ಟಿನಲ್ಲಿ ಸಂಖ್ಯೆಗಿಂತ ಅವಧಿಯೇ ದೊಡ್ಡದು. ಅತಿಥಿ ಎರಡು ತಲೆಮಾರು ಉಳಿದರೆ ಅವನು ಅತಿಥಿಯೂ ಅಲ್ಲ, ಮನೆಯವನೂ ಅಲ್ಲ ಎಂಬ ಸ್ಥಿತಿ ಬರುತ್ತದೆ. ಆ ಸ್ಥಿತಿಯ ಕಥೆಯನ್ನು ಈ ಎರಡೂ ಚಿತ್ರಗಳು ಹೇಳುವುದಿಲ್ಲ. ಒಂದು ಚಿತ್ರಕ್ಕೆ ಶಿಬಿರ ಕಥೆಯ ಆರಂಭದ ಹಂತ, ಇನ್ನೊಂದಕ್ಕೆ ಅದು ಬೇಕಾಗಿಯೇ ಇಲ್ಲ.

ಕಡಲಿನ ವಿಷಯದಲ್ಲಿಯೂ ಹೀಗೆಯೇ. ಮಣಿರತ್ನಂ ಅವರ ಕಡಲು ಸುಂದರ, ಕಣ್ಣೀರಿನಷ್ಟೇ ಉಪ್ಪು. ಆದರೆ ಅದು ದುಡಿಮೆಯ ಕಡಲೂ ಹೌದು. ಯುದ್ಧದ ವರ್ಷಗಳಲ್ಲಿ ಲಂಕೆಯ ಉತ್ತರ ಭಾಗದ ತಮಿಳು ಮೀನುಗಾರರಿಗೆ ಭದ್ರತೆಯ ಕಾರಣದಿಂದ ಕಡಲಿಗಿಳಿಯಲು ನಿರ್ಬಂಧವಿತ್ತು. ಖಾಲಿಯಾದ ಆ ನೀರಿನಲ್ಲಿ ನಮ್ಮ ಕಡೆಯ ಟ್ರಾಲರುಗಳು ಬಲೆ ಎಳೆದುವು. ಗುಂಡೇಟಿಗೆ ನಮ್ಮ ಬೆಸ್ತರು ಸತ್ತದ್ದೂ ಅದೇ ಕಾಲದಲ್ಲಿ. 2009ರ ನಂತರ ಅಲ್ಲಿಯವರು ಮತ್ತೆ ದೋಣಿ ಇಳಿಸಿದಾಗ ಎರಡೂ ದಂಡೆಯ ತಮಿಳರ ನಡುವೆಯೇ ತಕರಾರು ಹುಟ್ಟಿತು. ನೆರೆಮನೆಯ ಯುದ್ಧದಿಂದ ನಷ್ಟ ಮಾತ್ರವಲ್ಲ, ಕೆಲವರಿಗೆ ಕೆಲವು ಕಾಲ ಲಾಭವೂ ಆಗುತ್ತದೆ. ಆ ಲಾಭದ ಸಾಲವನ್ನು ಮುಂದೆ ತೀರಿಸಬೇಕಾಗುತ್ತದೆ. ಮಾಲ್ದೀವಿನಂಥ ಪುಟ್ಟ ದೇಶವೂ ಈ ಯುದ್ಧದ ಪೆಟ್ಟಿನಿಂದ ತಪ್ಪಿಸಿಕೊಳ್ಳಲಿಲ್ಲ. 1988ರ ನವೆಂಬರಿನಲ್ಲಿ ಲಂಕೆಯ ಒಂದು ತಮಿಳು ಗುಂಪಿನ ಬಂದೂಕುಧಾರಿಗಳು ಬಾಡಿಗೆಯ ಭಟರಾಗಿ ಅಲ್ಲಿಯ ಸರ್ಕಾರವನ್ನು ಕೆಡವಲು ಹೋದರು. ಭಾರತದ ಪ್ಯಾರಾ ಯೋಧರು ಆಗ್ರಾದಿಂದ ಹಾರಿ ಹೋಗಿ ಅದನ್ನು ತಡೆಯಬೇಕಾಯಿತು. ಒಂದು ಮನೆಯ ಜಗಳಕ್ಕೆ ಕಲಿತ ಬಂದೂಕಿನ ವಿದ್ಯೆ ಆ ಮನೆಯಲ್ಲಿಯೇ ನಿಲ್ಲುವುದಿಲ್ಲ.

ಹಾಗಾದರೆ ಈ ಎರಡು ಚಿತ್ರಗಳ ಬೆಲೆ ಏನು? ಬೆಲೆ ದೊಡ್ಡದೇ. ‘ಕನ್ನತ್ತಿಲ್ ಮುತ್ತಮಿಟ್ಟಾಲ್’ ಇಲ್ಲದಿದ್ದರೆ ನಿರಾಶ್ರಿತರೆಂದರೆ ನಮಗೆ ಸಂಖ್ಯೆಯಾಗಿಯೇ ಉಳಿಯುತ್ತಿದ್ದರು. ‘ಸೈನೈಡ್’ ಇಲ್ಲದಿದ್ದರೆ ಕೋಣನಕುಂಟೆ ಪೊಲೀಸು ಕಡತವಾಗಿಯೇ ಉಳಿಯುತ್ತಿತ್ತು. ಎರಡರಲ್ಲಿ ಕಲೆಯಾಗಿ ಮೊದಲನೆಯದು ಮೇಲೆಂಬುದರಲ್ಲಿ ನನಗೆ ಸಂಶಯವಿಲ್ಲ. ಅನುಭವದ ಆಳದಲ್ಲಿಯೂ ದೃಶ್ಯದ ಚೆಲುವಿನಲ್ಲಿಯೂ ಅದು ಬೇರೆಯೇ ಎತ್ತರದ ಕೃತಿ. ಆದರೆ ನೆರೆಯವನ ಸ್ಥಿತಿಯನ್ನು ಕುರಿತ ಪ್ರಾಮಾಣಿಕತೆಯಲ್ಲಿ ಎರಡನೆಯದು ಒಂದು ಹೆಜ್ಜೆ ಮುಂದಿದೆ. ಮೊದಲನೆಯ ಚಿತ್ರ ನಾವು ಎಷ್ಟು ಒಳ್ಳೆಯವರಾಗಿರಬಹುದು ಎಂಬುದನ್ನು ತೋರಿಸಿ ನಮ್ಮನ್ನು ಸಮಾಧಾನಪಡಿಸುತ್ತದೆ. ಎರಡನೆಯದು ನಮ್ಮ ಬಾಗಿಲ ಒಳಗೆ ಏನು ಬಂದು ಕೂತಿತ್ತು ಎಂಬುದನ್ನು ತೋರಿಸಿ ನಿದ್ದೆ ಕೆಡಿಸುತ್ತದೆ. ಎರಡನ್ನೂ ನೋಡಬೇಕು, ಸಾಧ್ಯವಾದರೆ ಒಂದರ ಬೆನ್ನಿಗೇ ಇನ್ನೊಂದನ್ನು ನೋಡಬೇಕು. ನಮ್ಮ ಸಂಘದ ಚಲನಚಿತ್ರ ಕಾರ್ಯಕ್ರಮವನ್ನು ನಡೆಸುವ ಮಿತ್ರರು ಇದನ್ನು ಮನಸ್ಸಿಗೆ ತಂದುಕೊಂಡರೆ ಒಳ್ಳೆಯದು.

ಮಣಿರತ್ನಂ ಅವರ ಚಿತ್ರ ಬಿಡುಗಡೆಯಾಗಿ ಎಂಟು ದಿನಕ್ಕೆ, 2002ರ ಫೆಬ್ರವರಿ 22ರಂದು, ಲಂಕೆಯ ಸರ್ಕಾರಕ್ಕೂ ಹುಲಿಗಳಿಗೂ ನಡುವೆ ಕದನವಿರಾಮದ ಒಪ್ಪಂದವಾಯಿತು. ಶಾಂತಿ ಬಂದಾಗ ತಾನು ಬರುವೆನೆಂಬ ಶ್ಯಾಮಾಳ ಆಸೆ ಅಂದಿನ ಪ್ರೇಕ್ಷಕರಿಗೆ ಕೈಗೆಟುಕುವಂತೆಯೇ ಕಂಡಿರಬೇಕು. ಇಂದು ಅದೇ ದೃಶ್ಯವನ್ನು ನೋಡುವವನಿಗೆ ಮುಂದಿನದೆಲ್ಲ ಗೊತ್ತು. 2008ರ ನವೆಂಬರಿನಲ್ಲಿ ಮಾಂಕುಳಂ ಸೈನ್ಯದ ವಶವಾಯಿತು, 2009ರ ಮೇ ತಿಂಗಳಲ್ಲಿ ಮುಲ್ಲೈತೀವಿನ ಒಂದು ತುಂಡು ಮರಳಿನ ಮೇಲೆ ಯುದ್ಧ ಮುಗಿಯಿತು. ಶ್ಯಾಮಾಳಂಥ ಹೋರಾಟಗಾರ್ತಿಯರಲ್ಲಿ ಆ ಮರಳಿನಿಂದ ಎದ್ದು ಬಂದವರು ಎಷ್ಟು ಮಂದಿ? ಆಕೆ ಮಗಳ ಕೈ ಬಿಡಿಸಿಕೊಂಡು ಹೋಗುವ ಹೊತ್ತಿನಲ್ಲಿ ಇಂದಿನ ಪ್ರೇಕ್ಷಕನ ಮನಸ್ಸಿಗೆ ಬರುವುದು ಈ ಪ್ರಶ್ನೆ. ಚಿತ್ರ ತಯಾರಾದಾಗ ಅದರಲ್ಲಿ ಇರದಿದ್ದ ಈ ಭಾರವನ್ನು ಚರಿತ್ರೆ ಆಮೇಲೆ ತಂದು ಇಟ್ಟಿತು. ಆ ಭಾರವನ್ನು ಹೊತ್ತೂ ಆ ದೃಶ್ಯ ಕುಸಿಯದೆ ನಿಂತಿರುವುದು ಚಿತ್ರದ ಸತ್ವಕ್ಕೆ ಸಾಕ್ಷಿ. ಮಂಡಪಂನ ಹಾಜರಿ ಪುಸ್ತಕದಲ್ಲಿ ಹೆಸರಿರುವ ಅಮುದಾಳ ಕಥೆಯನ್ನು, ದತ್ತು ಪಡೆಯುವವರು ಯಾರೂ ಬಾರದ ಅಮುದಾಳ ಕಥೆಯನ್ನು, ತಮಿಳಿನಲ್ಲಿಯೋ ಕನ್ನಡದಲ್ಲಿಯೋ ಯಾರಾದರೂ ಹೇಳಿದ ದಿನ ಈ ಎರಡು ಚಿತ್ರಗಳಿಗೆ ಬೇಕಾದ ಮೂರನೆಯದು ಸಿಕ್ಕಿದಂತಾಗುತ್ತದೆ.